ತನ್ನ ಹಾಡಿಗೆ ತಾನೇ ಒಡತಿ

ಪದ ಕಟ್ಟಿ, ಧಾಟಿ ಕೂಡಿಸಿ, ತಾವೇ ಹಾಡುವವರು ಎಲ್ಲ ನಾಡುಗಳಲ್ಲಿಯೂ ಉಂಟು. ಆ ಹಾಡಿನ ಒಡೆತನವನ್ನೂ ಉಳಿಸಿಕೊಂಡವರು ವಿರಳ. ಅಮೆರಿಕೆಯ ಬಫಲೋ ನಗರದಲ್ಲಿ 1970ರಲ್ಲಿ ಜನಿಸಿದ ಆನಿ ಡಿಫ್ರಾಂಕೊ ಅಂತಹ ವಿರಳರಲ್ಲೊಬ್ಬರು. ಅಲ್ಲಿ ಧ್ವನಿಮುದ್ರಣವು ಸಾಮಾನ್ಯವಾಗಿ ಅದನ್ನು ಹೊರತರುವ ಕಂಪನಿಯ ಸೊತ್ತು. ಖರ್ಚನ್ನು ಮುರಿದುಕೊಂಡ ಬಳಿಕವಷ್ಟೇ ಹಾಡಿದವರಿಗೆ ರಾಯಲ್ಟಿಯೆಂಬ ಸಣ್ಣ ಪಾಲು. ಈ ಕರಾರನ್ನು ಒಲ್ಲದ ಈಕೆ 1990ರಲ್ಲಿ, ಇಪ್ಪತ್ತರ ಹರೆಯದಲ್ಲಿ, 'ರೈಟಿಯಸ್ ಬೇಬ್' ಎಂಬ ಸ್ವಂತ ಸಂಸ್ಥೆಯನ್ನೇ ತೆರೆದರು. ಗಿಟಾರು ಹೊತ್ತು ಊರೂರು ಸುತ್ತಿ, ಕಛೇರಿ ಮುಗಿದೊಡನೆ ಕ್ಯಾಸೆಟ್ಟುಗಳನ್ನು ತಾವೇ ಮಾರಿದರು. ಸರಸ್ವತಿಯ ಸೇವೆಯೊಂದಿಗೆ ಲೆಕ್ಕದ ಪುಸ್ತಕವೂ ಹೆಗಲೇರಿತೆನ್ನಿ! ದೊಡ್ಡ ಕಂಪನಿಗಳು ಕರೆದಾಗಲೂ ಹೋಗಲಿಲ್ಲ. ಮುಂದೆ ಬಫಲೋದಲ್ಲಿ ನೆಲಸಮವಾಗಲಿದ್ದ ಹಳೆಯ ಚರ್ಚೊಂದನ್ನು ಉಳಿಸಿ, ಸಂಗೀತ ಸಭಾಂಗಣವಾಗಿಸಿ, ಸಂಸ್ಥೆಯ ಕಾರ್ಯಾಲಯವನ್ನೂ ಅಲ್ಲಿಯೇ ನೆಲೆಗೊಳಿಸಿದರು.