ಏಳು ಅಡಿ, ಒಂಬತ್ತು ಅಡಿ: ಮೋನುಗೊಂದು ಕೋಣೆ

ಬೆಳಗಿನ ಮದ್ರಸದಲ್ಲಿ ತೂಕಡಿಸುವ ಹುಡುಗರನ್ನು ನಾವು ಮೊದಲೆಲ್ಲ ಗದರಿಸುತ್ತಿದ್ದೆವು. ಒಂದು ದಿನ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಹತ್ತಿರ ಕೂರಿಸಿಕೊಂಡು, "ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯಾ ಮೋನೇ?" ಎಂದು ಕೇಳಿದೆವು. ಅವನು ತಲೆ ತಗ್ಗಿಸಿ, "ಹಾಲ್‌ನಿಂದ ಎಲ್ಲರೂ ಎದ್ದು ಹೋದ ಮೇಲೆ ಉಸ್ತಾದ್" ಎಂದ. ಉಪ್ಪ ಶಿವಾಜಿನಗರದ ಹೋಟೆಲಿನಿಂದ ಬರುವಾಗಲೇ ಹನ್ನೆರಡು. ಊಟ, ಮಾತು, ಟಿವಿ ಎಲ್ಲ ಮುಗಿದ ಮೇಲೆ ಇವನ ಚಾಪೆ ಬಿಡಿಸುವುದು. ಊರಿಂದ ನೆಂಟರು ಬಂದರೆ ಅದಕ್ಕೂ ಜಾಗ ಇಲ್ಲ. ಪುಸ್ತಕ ಫ್ರಿಜ್ ಮೇಲೆ, ಬಟ್ಟೆ ಅಕ್ಕಂದಿರ ಕಪಾಟಿನ ಕೆಳಗಿನ ಖಾನೆಯಲ್ಲಿ. ಆ ಮನೆಯಲ್ಲಿ ಅವನದ್ದು ಅಂತ ಒಂದು ಮೊಳೆಯೂ ಇರಲಿಲ್ಲ.

ಮನೆಗೆ ಬಂದು ನೋಡಿದರೆ ನಮ್ಮ ಮಗನ ಕತೆಯೂ ಅದೇ. ಕೆ.ಆರ್.ಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಎರಡು ಬೆಡ್‌ರೂಮು. ಒಂದು ನಮಗೆ, ಒಂದು ಇಬ್ಬರು ಹೆಣ್ಣು ಮಕ್ಕಳಿಗೆ. ಮೂರನೆಯದಾಗಿ ಏಳು ಅಡಿ ಅಗಲ, ಒಂಬತ್ತು ಅಡಿ ಉದ್ದದ ಒಂದು ಕೋಣೆ ಇದೆ. ಅದರಲ್ಲಿ ಕುಚ್ಚಲಕ್ಕಿ ಮೂಟೆ, ಊರಿಂದ ತಂದ ತೆಂಗಿನಕಾಯಿ, ಹಳೇ ಸೂಟ್‌ಕೇಸ್‌ಗಳು, ಯಾರಿಗೂ ಬೇಡದ ತೊಟ್ಟಿಲು. ಅಕ್ಕಿಗೆ ಕೋಣೆ ಇತ್ತು, ಮಗನಿಗೆ ಇರಲಿಲ್ಲ.

ಊರಲ್ಲಿ ಇದು ಸಮಸ್ಯೆಯೇ ಆಗಿರಲಿಲ್ಲ. ಬಂಟ್ವಾಳ, ಪುತ್ತೂರು, ಉಳ್ಳಾಲದ ಮನೆಗಳಲ್ಲಿ ಗಂಡು ಹುಡುಗರು ಚಾವಡಿಯಲ್ಲೋ ಜಗಲಿಯಲ್ಲೋ ಮಲಗುತ್ತಿದ್ದರು. ಅಂಗಳ, ತೋಟ, ಮಸೀದಿಯ ಕಟ್ಟೆ ಎಲ್ಲವೂ ಹುಡುಗರ ಕೋಣೆಯೇ. ಬೆಂಗಳೂರಿನ ಮೂವತ್ತು-ನಲವತ್ತರ ಸೈಟಿನಲ್ಲಿ, ಮಹಡಿಯ ಮೇಲೆ ಮಹಡಿ ಎಬ್ಬಿಸಿದ ಮನೆಯಲ್ಲಿ ಅಂಗಳ ಎಲ್ಲಿ? ಮನೆಯಲ್ಲಿ ಜಾಗ ಸಿಗದ ಹುಡುಗ ಬೀದಿಯಲ್ಲಿ ಜಾಗ ಹುಡುಕುತ್ತಾನೆ. ರಾತ್ರಿ ಹನ್ನೊಂದಕ್ಕೆ ಟೀ ಅಂಗಡಿಯ ಮುಂದೆ ನಿಂತ ಹದಿಮೂರರ ಹುಡುಗನನ್ನು ಕಂಡರೆ ಈಗ ನಮಗೆ ಸಿಟ್ಟು ಬರುವುದಿಲ್ಲ. ಇವನ ಹಾಸಿಗೆ ಎಲ್ಲಿ ಹಾಸುತ್ತಾರೋ ಎಂಬ ಯೋಚನೆ ಬರುತ್ತದೆ.

ಮಕ್ಕಳಿಗೆ ಏಳರಲ್ಲಿ ನಮಾಝ್ ಹೇಳಿಕೊಡಬೇಕು, ಹತ್ತು ಆಗುವಾಗ ಹಾಸಿಗೆ ಬೇರೆ ಮಾಡಬೇಕು ಎಂಬ ಪ್ರವಾದಿಯವರ (ಸ) ಕಲಿಸುವಿಕೆ ಅಬೂದಾವೂದ್ ಸಂಗ್ರಹದಲ್ಲಿದೆ. ನಮಾಝಿನ ಮಾತನ್ನು ನಾವು ಮಕ್ಕಳಿಗೆ ದಿನಾ ನೆನಪಿಸುತ್ತೇವೆ. ಹಾಸಿಗೆಯ ಮಾತು ನಮಗೇ ಸಂಬಂಧಿಸಿದ್ದು, ಅದನ್ನು ಮರೆಯುತ್ತೇವೆ. ಒಂದು ವಿಷಯ ಗಮನಿಸಿ. ಅಲ್ಲಿ ಬೇರೆ ಮಾಡಲು ಹೇಳಿದ್ದು ಹಾಸಿಗೆಯನ್ನು, ಕೋಣೆಯನ್ನಲ್ಲ. ಆದ್ದರಿಂದ "ನಮಗೆ ಅಷ್ಟು ದೊಡ್ಡ ಮನೆ ಎಲ್ಲಿದೆ ಉಸ್ತಾದ್" ಎಂದು ಯಾರೂ ಕೈ ಚೆಲ್ಲಬೇಕಾಗಿಲ್ಲ.

ನಾವು ಮಾಡಿದ್ದು ಹೇಳುತ್ತೇವೆ. ಮೊದಲು ಟೇಪು ಹಿಡಿದು ಅಳೆದೆವು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಮನೆಯ ಎರಡನೇ ವಾಸದ ಕೋಣೆ ಕನಿಷ್ಠ 7.5 ಚದರ ಮೀಟರ್, ಅಂದರೆ ಸುಮಾರು 80 ಚದರಡಿ ಇರಬೇಕು, ಅಗಲ 2.1 ಮೀಟರಿಗಿಂತ ಕಡಿಮೆ ಇರಬಾರದು. ನಮ್ಮದು 63 ಚದರಡಿ. ಅಗಲ ಹೇಗೋ ಸರಿಹೋಗುತ್ತದೆ, ಉದ್ದ ಸಾಲದು. ಇಂಥ ಕೋಣೆಯಲ್ಲಿ ಒಂದು ಸಾಮಾನು ತಪ್ಪಾಗಿ ಇಟ್ಟರೂ ಕಾಲಿಡಲು ಜಾಗ ಇರುವುದಿಲ್ಲ. ಹಾಗಾಗಿ ಏನನ್ನೂ ಕೊಳ್ಳುವ ಮೊದಲು ಹಳೇ ಪೇಪರನ್ನು ಮಂಚದ ಅಳತೆಗೆ, ಮೇಜಿನ ಅಳತೆಗೆ ಕತ್ತರಿಸಿ ನೆಲದ ಮೇಲೆ ಹಾಸಿ ನೋಡಿದೆವು. ಪೇಪರ್ ಸರಿಸುವುದು ಸುಲಭ, ಮಂಚ ಸರಿಸುವುದು ಕಷ್ಟ.

ಕೋಣೆಯ ಪಶ್ಚಿಮಕ್ಕೆ ಕಿಟಕಿ, ಪೂರ್ವಕ್ಕೆ ಬಾಗಿಲು. ಅಂಗಡಿಯಲ್ಲಿ ಸಿಗುವ ಸಿಂಗಲ್ ಹಾಸಿಗೆ ಸಾಮಾನ್ಯವಾಗಿ 75 ಇಂಚು ಉದ್ದ, 36 ಇಂಚು ಅಗಲ. ಅದನ್ನು ಉದ್ದದ ಗೋಡೆಗೆ ಸೇರಿಸಿ, ತಲೆ ಪಶ್ಚಿಮಕ್ಕೆ ಬರುವಂತೆ ಹಾಕಿದೆವು. ಕಿಬ್ಲದ ಕಡೆ ಕಾಲು ಚಾಚಬಾರದು ಎಂಬ ನಮ್ಮ ಉಮ್ಮನ ಮಾತೂ ಉಳಿಯಿತು. ಕಾಲಿನ ಕಡೆ ಉಳಿದ ಎರಡೂಮುಕ್ಕಾಲು ಅಡಿಯಲ್ಲಿ ಒಂದೂವರೆ ಅಡಿ ಆಳದ ಬಟ್ಟೆ ಕಪಾಟು ಬಂತು. ಕಿಟಕಿಯ ಕೆಳಗೆ, ಮಂಚದ ಪಕ್ಕದಲ್ಲಿ ಹದಿನೆಂಟು ಇಂಚು ಅಗಲದ ಮೇಜು. ಕುರ್ಚಿ ಮೇಜಿನ ಅಡಿಗೆ ತಳ್ಳಿದರೆ ನಡುವೆ ನಾಲ್ಕು ಅಡಿ ಅಗಲದ ನೆಲ ಖಾಲಿ. ಮುಸಲ್ಲ ಹಾಸಲು ಧಾರಾಳ. ಬೆಂಗಳೂರಿನಲ್ಲಿ ಕಿಬ್ಲ ನೇರ ಪಶ್ಚಿಮ ಅಲ್ಲ, ಸುಮಾರು 18 ಡಿಗ್ರಿ ಉತ್ತರಕ್ಕೆ ವಾಲುತ್ತದೆ. ನೆಲದ ಟೈಲಿನ ಮೇಲೆ ಸಣ್ಣ ಟೇಪು ಅಂಟಿಸಿ ಗುರುತು ಮಾಡಿದವನು ಮಗನೇ.

ಬಾಡಿಗೆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವ ಮೊದಲು ಮಾಲಕರನ್ನು ಕೇಳಬೇಕು. ನಾವು ಕೇಳಿದೆವು, ಎರಡು ತೂತಿಗೆ ಒಪ್ಪಿದರು. ಆ ಎರಡನ್ನೂ ಕಪಾಟನ್ನು ಗೋಡೆಗೆ ಬಿಗಿಯಲು ಬಳಸಿದೆವು. ಎತ್ತರದ ಕಪಾಟಿನ ಬಾಗಿಲು ಹಿಡಿದು ಮಕ್ಕಳು ಜೋತುಬಿದ್ದರೆ ಅದು ಮಗುಚಿ ಬೀಳುತ್ತದೆ. ಉಳಿದೆಲ್ಲ ಸಾಮಾನು ಮನೆ ಬದಲಿಸುವಾಗ ಹೊತ್ತೊಯ್ಯಬಹುದಾದದ್ದು. ಮಂಚ, ಮೇಜು ಎರಡನ್ನೂ ಶಿವಾಜಿನಗರದ ಹಳೇ ಸಾಮಾನಿನ ಅಂಗಡಿಯಿಂದ ತಂದೆವು. ಹಳೇ ಮರದ ಸಾಮಾನು ಕೊಳ್ಳುವಾಗ ಕಾಲಿನ ಬುಡವನ್ನೂ ಹಿಂಬದಿಯನ್ನೂ ನೋಡಿ. ಗೆದ್ದಲು, ತಿಗಣೆ ಇದ್ದರೆ ಗೊತ್ತಾಗುವುದು ಅಲ್ಲೇ. ಪುಡಿ ಒತ್ತಿ ಮಾಡಿದ ಹಲಗೆ ಅಗ್ಗ, ಆದರೆ ನೀರು ತಾಗಿದರೆ ಉಬ್ಬುತ್ತದೆ. ಮಳೆಗಾಲದಲ್ಲಿ ಗೋಡೆ ತಂಪು ಹಿಡಿಯುವ ಮನೆಯಾದರೆ ಪ್ಲೈವುಡ್ ಅಥವಾ ಕಬ್ಬಿಣವೇ ವಾಸಿ. ಯಾವುದೇ ಆಗಲಿ, ಗೋಡೆಯಿಂದ ಎರಡು ಬೆರಳು ದೂರ ಇಡಿ, ಗಾಳಿ ಆಡಲಿ. ಮಂಚದ ಅಡಿ ಎರಡು ಚಕ್ರದ ಪೆಟ್ಟಿಗೆಗಳಿವೆ. ಒಂದರಲ್ಲಿ ಅವನ ಬ್ಯಾಟು ಬಾಲು, ಇನ್ನೊಂದರಲ್ಲಿ ಮನೆಯ ಚಾದರಗಳು. ಅಕ್ಕಿ ಮೂಟೆ ಈಗ ನಮ್ಮ ಕೋಣೆಯಲ್ಲಿದೆ.

ಜಗಳ ಆದದ್ದು ಒಂದೇ ವಿಷಯಕ್ಕೆ. ಮಗನಿಗೆ ಗೋಡೆ ತುಂಬಾ ಕ್ರಿಕೆಟ್ ಆಟಗಾರರ ಚಿತ್ರ ಬೇಕು. ನಮಾಝ್ ಮಾಡುವ ಕೋಣೆಯಲ್ಲಿ ಅದು ಬೇಡ ಎಂದೆವು. ಎರಡು ದಿನ ಮಾತು ಬಿಟ್ಟ. ಕೊನೆಗೆ ಮನೆಯವಳು ದಾರಿ ಹೇಳಿದಳು: ಗೋಡೆಗೆ ಪ್ರಪಂಚದ ನಕ್ಷೆ, ಚಿತ್ರ ಕಪಾಟಿನ ಬಾಗಿಲಿನ ಒಳಮೈಗೆ. ಅವನೂ ಒಪ್ಪಿದ, ನಾವೂ ಒಪ್ಪಿದೆವು. ಗೋಡೆಯ ಬಣ್ಣ ಅವನೇ ಆರಿಸಿದ ತಿಳಿ ಹಸಿರು. ಮಕ್ಕಳ ಕೋಣೆಯಲ್ಲಿ ಒಂದಾದರೂ ಅವರ ಆಯ್ಕೆ ಇರಲಿ. ಇಲ್ಲದಿದ್ದರೆ ಅದೂ ನಮ್ಮ ಸ್ಟೋರ್ ರೂಮಿನ ಹಾಗೆ, ಮಗನನ್ನು ಇಟ್ಟ ಜಾಗ ಅಷ್ಟೇ.

ಫೋನಿನ ಚಾರ್ಜರ್ ಮಾತ್ರ ಹಾಲಿನಲ್ಲೇ ಉಳಿಯಿತು. ರಾತ್ರಿ ಹತ್ತಕ್ಕೆ ಎಲ್ಲರ ಫೋನೂ ಅಲ್ಲಿಗೆ, ನಮ್ಮದೂ ಸೇರಿ. ನಮ್ಮದು ದಿಂಬಿನ ಪಕ್ಕ ಇಟ್ಟುಕೊಂಡು ಮಗನಿಗೆ ಬುದ್ಧಿ ಹೇಳಿದರೆ ಅವನು ಕೇಳುತ್ತಾನೆಯೇ?

ಕೋಣೆಯೇ ಇಲ್ಲದ ಮನೆಯವರು ಏನು ಮಾಡಬೇಕು? ರಸೆಲ್ ಮಾರ್ಕೆಟಿನ ಹಿಂದಿನ ಗಲ್ಲಿಗಳಲ್ಲಿ, ಹಲಸೂರಿನ ಹಳೇ ವಠಾರಗಳಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಇರುವ ಮನೆಗಳನ್ನು ನಾವು ಕಂಡಿದ್ದೇವೆ. ಅಲ್ಲಿಯೂ ಒಂದು ಮೂಲೆ ಆಗುತ್ತದೆ. ಮೂಲೆಗೆ ಒಂದು ತಂತಿ, ದಪ್ಪ ಪರದೆ, ಅವನದ್ದೇ ಹಾಸಿಗೆ-ಹೊದಿಕೆ, ಬೀಗ ಇರುವ ಒಂದು ಟ್ರಂಕು, ಓದಲು ಒಂದು ಸಣ್ಣ ದೀಪ. ಇಬ್ಬರು ಅಣ್ಣತಮ್ಮಂದಿರಿದ್ದರೆ ಮೇಲೆ-ಕೆಳಗೆ ಇರುವ ಅಟ್ಟದ ಮಂಚ ಜಾಗ ಉಳಿಸುತ್ತದೆ. ಆದರೆ ಆರು ವರ್ಷದೊಳಗಿನ ಮಗುವನ್ನು ಮೇಲೆ ಮಲಗಿಸಬೇಡಿ, ಮೇಲಿನ ಮಂಚಕ್ಕೆ ಎರಡೂ ಬದಿ ತಡೆ ಇರಲಿ. ಮೇಲಿನವನು ಎದ್ದು ಕೂತರೆ ಸೀಲಿಂಗ್ ಫ್ಯಾನ್ ತಾಗದಂತೆ ನೋಡಿ. ಗೋಡೆ ಫ್ಯಾನ್ ಹಾಕಿಸಿದರೆ ಇನ್ನೂ ಒಳ್ಳೆಯದು.

ಇನ್ನೊಂದು ಮಾತು. ಗಂಡು ಮಗನಿಗೆ ಕೋಣೆ ಅಂತ ಹೆಣ್ಣು ಮಕ್ಕಳನ್ನು ಅಡುಗೆಮನೆಯ ಪಕ್ಕಕ್ಕೆ ತಳ್ಳುವುದು ನ್ಯಾಯ ಅಲ್ಲ. ನಮ್ಮಲ್ಲಿ ದೊಡ್ಡ ಕೋಣೆ ಅವರದ್ದೇ. ಅದಕ್ಕೆ ಮಗನಿಂದ ತಕರಾರು ಬರಲಿಲ್ಲ.

ಕೋಣೆ ಆಗಿ ಒಂದು ವಾರ ಕಳೆದಿರಬೇಕು. ಸುಬಹಿಗೆ ಎಬ್ಬಿಸಲು ನಾವು ಎಂದಿನಂತೆ ಬಾಗಿಲು ತಳ್ಳಿ ಒಳಗೆ ಹೋದೆವು. ಬಟ್ಟೆ ಬದಲಿಸುತ್ತಿದ್ದ ಹುಡುಗ ಚಾದರ ಎಳೆದುಕೊಂಡು, "ಉಪ್ಪಾ, ಬಾಗಿಲು ತಟ್ಟಿ ಬನ್ನಿ" ಎಂದ. ಒಂದು ಕ್ಷಣ ಸಿಟ್ಟು ಬಂತು, ನಮ್ಮ ಮನೆ, ನಮ್ಮ ಬಾಗಿಲು ಎಂದು. ಆಮೇಲೆ ನಾಚಿಕೆಯಾಯಿತು. ಸುಬಹಿಗೆ ಮುಂಚೆ, ಮಧ್ಯಾಹ್ನದ ವಿಶ್ರಾಂತಿಗೆ, ಇಶಾದ ನಂತರ, ಹೀಗೆ ಮೂರು ಹೊತ್ತು ಮಕ್ಕಳು ಅನುಮತಿ ಕೇಳಿಯೇ ಒಳಗೆ ಬರಬೇಕೆಂದು ಸೂರ ಅನ್ನೂರ್‌ನಲ್ಲಿ ಇರುವುದನ್ನು ಅವನಿಗೆ ಕಲಿಸಿದವರು ನಾವೇ. ಅವನಿಗೊಂದು ಬಾಗಿಲು ಕೊಟ್ಟ ಮೇಲೆ ಆ ಅದಬು ನಮಗೂ ಬೇಕಲ್ಲವೇ?

ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಮೆಲ್ಲಗೆ ತಟ್ಟಿದೆವು.