ಕೋವಿಯ ಒದೆಯೂ ಅದನ್ನಾನುವ ಅಂಗವೂ

ಯಂತ್ರಶಿಲ್ಪದ ವಿಷಯಗಳನ್ನು ಕನ್ನಡದಲ್ಲಿ ನಿರೂಪಿಸಹೊರಟವರಿಗೆ ಮೊದಲು ಎದುರಾಗುವ ತೊಡಕು ಶಬ್ದದ ತೊಡಕು. ವಸ್ತುವಿನ ಆಕಾರವನ್ನು ಮಾತ್ರ ಕಂಡು ಹೆಸರಿಟ್ಟರೆ, ಆ ಹೆಸರು ಓದುಗನನ್ನು ತಪ್ಪುದಾರಿಗೆ ಎಳೆಯುವುದು. ವಸ್ತುವಿನ ವ್ಯಾಪಾರವನ್ನು ತಿಳಿದು ಹೆಸರಿಟ್ಟರೆ, ಹೆಸರೇ ಅರ್ಧ ವ್ಯಾಖ್ಯಾನವಾಗುವುದು. ರೈಫಲ್ ಎಂಬ ಕೋವಿಯಲ್ಲಿ ‘ರಿಕಾಯ್ಲ್ ಲಗ್’ ಎಂಬ ಒಂದು ಸಣ್ಣ ಉಕ್ಕಿನ ಅಂಗವುಂಟು. ನೋಡುವುದಕ್ಕೆ ಅದು ಒಂದು ಗೂಟದಂತಿರುವುದರಿಂದ ಇದನ್ನು ‘ಕೀಲು’ ಎಂದುಬಿಡುವುದು ಸುಲಭ. ಅದು ಕೀಲಲ್ಲವೆಂಬುದನ್ನೂ, ಅದನ್ನು ಕೋವಿಯಲ್ಲಿ ನೆಲೆಗೊಳಿಸುವ ಕ್ರಮವನ್ನೂ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪರಿಚಿತವಾದ ಶಬ್ದಗಳನ್ನು ನೋಡುವ. ‘ಕೋವಿ’ ಎಂದರೆ ಮೂಲದಲ್ಲಿ ಕೊಳವೆ. ‘ಬಂದೂಕು’ ಅರಬ್ಬೀ ಮೂಲದ್ದು, ‘ತುಪಾಕಿ’ ತುರ್ಕಿ ಮೂಲದ್ದು. ‘ನಳಿಗೆ’ ಎಂಬುದು ಸಂಸ್ಕೃತದ ನಲಿಕಾ ಶಬ್ದಕ್ಕೆ ಸಂಬಂಧಿಸಿದ್ದು. ಗುಂಡನ್ನು ಹಾರಿಸುವ ಅಂಗಕ್ಕೆ ನಮ್ಮವರು ‘ಕುದುರೆ’ ಎಂದರು. ಕೋವಿ ಹಾರಿದಾಗ ಹಿಂದಕ್ಕೆ ನೂಕುವುದನ್ನು ‘ಒದೆಯಿತು’ ಎಂದರು. ಈ ಶಬ್ದಸಂಪತ್ತು ಪಂಡಿತರು ಕೊಟ್ಟುದಲ್ಲ. ಆಯುಧದೊಡನೆ ಬಾಳಿದ ಜನ ಕೊಟ್ಟುದು. ೧೮೫೭ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಸರಕಾರದ ಆಜ್ಞೆಗೆ ಮಣಿಯದೆ ಹೋರಾಡಿ ಮಡಿದ ಹಲಗಲಿಯ ಬೇಡರ ಲಾವಣಿಯನ್ನು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದವರು ಫ್ಲೀಟರು. ಏಕಾಂತದ ರಾಮಯ್ಯನ ಕಥೆಯನ್ನು ಹೇಳುವ ಅಬಲೂರಿನ ಸೋಮೇಶ್ವರ ದೇವಾಲಯದ ಶಾಸನವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿದವರೂ ಅವರೇ. ಶಿಲಾಲೇಖಕ್ಕೆ ಸಲ್ಲುವ ಆದರವು ಜನರ ಬಾಯಿಮಾತಿಗೂ ಸಲ್ಲತಕ್ಕದ್ದೆಂಬುದಕ್ಕೆ ಇದು ನಿದರ್ಶನ.

ಇನ್ನು ಒದೆಯ ಸ್ವರೂಪ. ಗುಂಡು ಮುಂದಕ್ಕೆ ಹೋಗುವಾಗ ಕೋವಿಯು ಹಿಂದಕ್ಕೆ ಸರಿಯಲೇಬೇಕೆಂಬುದು ನ್ಯೂಟನ್ನನ ಮೂರನೆಯ ನಿಯಮ. ೧೦ ಗ್ರಾಂ ತೂಕದ ಗುಂಡು ಸೆಕೆಂಡಿಗೆ ೮೦೦ ಮೀಟರು ವೇಗದಿಂದ ಹೊರಟರೆ, ೪ ಕಿಲೋಗ್ರಾಂ ತೂಕದ ಕೋವಿಗೆ ಆ ಗುಂಡೊಂದರಿಂದಲೇ ಸೆಕೆಂಡಿಗೆ ೨ ಮೀಟರು ವೇಗ ಹಿಮ್ಮುಖವಾಗಿ ಬರುತ್ತದೆ. ಮದ್ದಿನ ಹೊಗೆಯ ಪಾಲು ಇದಕ್ಕೆ ಸೇರಿ ಇನ್ನೂ ಹೆಚ್ಚುತ್ತದೆ. ಗುಂಡು ನಳಿಗೆಯೊಳಗಿರುವ ಕಾಲವೋ ಸೆಕೆಂಡಿನ ಸಾವಿರದ ಒಂದೆರಡು ಅಂಶ ಮಾತ್ರ. ಇಷ್ಟು ಅಲ್ಪಕಾಲದಲ್ಲಿ ಬಂದ ವೇಗವು ಪೆಟ್ಟಿನಂತೆ ತಾಗುತ್ತದೆ. ಈ ಪೆಟ್ಟು ಮೊದಲು ಹುಟ್ಟುವುದು ಉಕ್ಕಿನಲ್ಲಿ, ಎಂದರೆ ನಳಿಗೆಯಲ್ಲಿಯೂ, ಅದರ ಹಿಂಬದಿಗೆ ತಿರುಚಿ ಕೂಡಿಸಿದ ‘ಆಕ್ಷನ್’ ಎಂಬ ಭಾಗದಲ್ಲಿಯೂ. ತೋಟಾವನ್ನು ಒಳಗೊಂಡು ಬಾಯಿ ಮುಚ್ಚುವುದು ಆಕ್ಷನ್ನಿನ ಕೆಲಸ. ಕೋವಿಯ ಮರವು ಈ ಪೆಟ್ಟನ್ನು ಉಕ್ಕಿನಿಂದ ಪಡೆದು ಹೊಡೆಯುವವನ ಹೆಗಲಿಗೆ ಒಪ್ಪಿಸಬೇಕು.

ಉಕ್ಕನ್ನೂ ಮರವನ್ನೂ ಕೂಡಿಸಿರುವುದು ಕೆಳಗಿನಿಂದ ಹಾಕಿದ ಎರಡು ತಿರುಪುಮೊಳೆಗಳು. ಪೆಟ್ಟನ್ನು ಅವೇ ತಡೆಯಲಿ ಎಂದರೆ ತಿರುಪು ಬಾಗುವುದು, ರಂಧ್ರ ಹಿಗ್ಗುವುದು, ಕಡೆಗೆ ಮರವೇ ಸೀಳುವುದು. ಆದುದರಿಂದ ಹಿಡಿಯುವ ಕೆಲಸ ಬೇರೆ, ಆನುವ ಕೆಲಸ ಬೇರೆ. ಕಲ್ಯಾಣ ಚಾಲುಕ್ಯರ ಕಾಲದ ಶೈಲಿಯ ದೇವಾಲಯಗಳನ್ನು ಗಾರೆಯಿಲ್ಲದೆ ಕಟ್ಟಿದ್ದಾರೆ. ತೊಲೆಯ ಭಾರವನ್ನು ಕಂಬದ ಮೇಲಿನ ಬೋದಿಗೆ ಆನುತ್ತದೆ. ಕಲ್ಲು ಕಲ್ಲಿನಿಂದ ಜಾರದಂತೆ ಹಿಡಿಯುವುದಕ್ಕೆ ಗೂಟ ಕುಳಿಗಳ ಜೋಡಣೆಯುಂಟು. ಆ ಗೂಟದ ಮೇಲೆ ಭಾರ ಹಾಕಿದ ಶಿಲ್ಪಿಯಿಲ್ಲ. ಕೋವಿಯ ಒದೆಗೆ ಬೋದಿಗೆಯಂತಿರುವುದೇ ನಮ್ಮ ಪ್ರಕೃತ ಅಂಗ. ಅದು ಆಕ್ಷನ್ನಿನ ಮುಂಭಾಗದಲ್ಲಿ ಕೆಳಮುಖವಾಗಿ ನಿಂತು, ಮರದಲ್ಲಿ ಕೊರೆದ ಕುಳಿಯೊಳಗಿಳಿದು, ತನ್ನ ಹಿಂಬದಿಯ ಮುಖದಿಂದ ಮರಕ್ಕೆ ಒರಗಿರುತ್ತದೆ.

ಇದನ್ನು ನೆಲೆಗೊಳಿಸುವುದಕ್ಕೆ ಮೂರು ಮಾರ್ಗಗಳು ಪ್ರಸಿದ್ಧವಾಗಿವೆ. ಜರ್ಮನಿಯ ೧೮೯೮ರ ಮೌಸರ್ ಕೋವಿಯಲ್ಲಿ ಅದು ಆಕ್ಷನ್ನಿನೊಡನೆ ಒಂದೇ ಉಕ್ಕಿನಲ್ಲಿ ಮೂಡಿಬಂದಿದೆ. ಸಡಿಲುವ ಮಾತೇ ಇಲ್ಲ. ಅಮೆರಿಕದ ರೆಮಿಂಗ್ಟನ್ ಕಾರ್ಖಾನೆಯವರು ೧೯೪೮ರಿಂದ ಆಕ್ಷನ್ನನ್ನು ದುಂಡನೆಯ ಕೊಳವೆಯಾಗಿ ಲೇಥಿನಲ್ಲಿ ಕಡೆದು, ಈ ಅಂಗವನ್ನು ಬಳೆಯಂತೆ ಬೇರೆಯಾಗಿ ಮಾಡಿ, ನಳಿಗೆಗೂ ಆಕ್ಷನ್ನಿಗೂ ನಡುವೆ ಇಟ್ಟು ಬಿಗಿದರು. ೧೯೬೨ರ ೭೦೦ನೆಯ ಮಾದರಿಯೂ ಹೀಗೆಯೇ. ಫಿನ್ಲೆಂಡಿನ ಟಿಕ್ಕಾ ಟಿ೩ ಕೋವಿಯಲ್ಲಿ ಕ್ರಮ ತಿರುಗುಮುರುಗು: ಲೋಹದ ತುಂಡು ಮರದ ಕಡೆಯಲ್ಲಿದೆ, ಅದು ಕೂರುವ ಕಚ್ಚು ಆಕ್ಷನ್ನಿನಲ್ಲಿದೆ.

ಎರಡನೆಯ ಮಾರ್ಗದಲ್ಲಿಯೇ ಕುಶಲಕರ್ಮಿಯ ಪರೀಕ್ಷೆ. ಬಳೆಯನ್ನು ಹಿಡಿದಿರುವುದು ನಳಿಗೆಯ ಬಿಗಿತವೊಂದೇ ಆದುದರಿಂದ, ನಳಿಗೆಯನ್ನು ತಿರುಚುವಾಗ ಬಳೆಯೂ ಜೊತೆಯಲ್ಲಿ ತಿರುಗಿ ಓರೆಯಾಗಬಹುದು. ಓರೆಯಾದ ಅಂಗ ಮರದ ಕುಳಿಗೆ ನೇರವಾಗಿ ಇಳಿಯದು. ಇಳಿದರೂ ಒಂದು ಅಂಚು ಮಾತ್ರ ಒರಗುವುದು. ಆದುದರಿಂದ ಒಬ್ಬೊಬ್ಬರಿಗೆ ತಕ್ಕಂತೆ ಕೋವಿಯನ್ನು ಅಣಿಗೊಳಿಸುವವರು ಮೊದಲು ಆಕ್ಷನ್ನಿನ ಮುಖವನ್ನು ಅದರ ಅಕ್ಷಕ್ಕೆ ಸರಿಲಂಬವಾಗಿ ಕಡೆಯುತ್ತಾರೆ. ಸುಮಾರು ೩/೧೬ ಅಂಗುಲ ದಪ್ಪದ ಕಾರ್ಖಾನೆಯ ಬಳೆಗೆ ಬದಲಾಗಿ ೧/೪ ಅಂಗುಲ ಅಥವಾ ಅದಕ್ಕೂ ದಪ್ಪನಾದುದನ್ನು, ಎರಡು ಮುಖಗಳೂ ಸಮಾನಾಂತರವಾಗುವಂತೆ ಸಾಣೆ ಹಿಡಿದು ಇಡುತ್ತಾರೆ. ಬಳಿಕ ಬಳೆಯ ಮೂಲಕ ಆಕ್ಷನ್ನಿನ ಮುಖದೊಳಕ್ಕೆ ಸಣ್ಣ ರಂಧ್ರ ಕೊರೆದು ಉಕ್ಕಿನ ಕಡ್ಡಿಯೊಂದನ್ನು ಕೂರಿಸುತ್ತಾರೆ. ಈ ಕಡ್ಡಿಯೇ ನಿಜವಾದ ಕೀಲು. ಅದು ಒದೆಯನ್ನು ಆನುವುದಿಲ್ಲ. ಆನುವುದನ್ನು ತನ್ನ ಸ್ಥಾನದಲ್ಲಿ ನಿಲ್ಲಿಸುತ್ತದೆ. ಮುಂದೆ ನಳಿಗೆಯನ್ನು ಎಷ್ಟು ಸಲ ಬದಲಿಸಿದರೂ ಅಂಗ ಕದಲದು. ಬೆಸುಗೆ ಹಾಕುವವರೂ ಉಂಟು. ಆದರೆ ಕಾವು ಮಿತಿಮೀರಿದರೆ ಆಕ್ಷನ್ನಿನ ಉಕ್ಕಿನ ಹದ ಕೆಡುವ ಭಯವಿರುವುದರಿಂದ ಕೀಲಿನ ಕ್ರಮವೇ ಶ್ರೇಯಸ್ಕರ.

ಅನಂತರ ಮರದ ಕುಳಿಯಲ್ಲಿ ಎಪಾಕ್ಸಿ ಅಂಟನ್ನು ತುಂಬಿ ಅಂಗದ ಪಡಿಯಚ್ಚನ್ನು ತೆಗೆಯುತ್ತಾರೆ. ಉಕ್ಕಿಗೆ ಅಂಟು ಹತ್ತದಂತೆ ಮೊದಲೇ ಲೇಪವನ್ನು ಬಳಿದಿರುತ್ತಾರೆ. ಅಂಗದ ಮುಂಬದಿ, ಎರಡು ಪಕ್ಕ, ತಳ ಇವಕ್ಕೆ ತೆಳುವಾದ ಪಟ್ಟಿಯನ್ನು ಅಂಟಿಸಿ, ಹಿಂಬದಿಯನ್ನು ಮಾತ್ರ ಬರಿದಾಗಿ ಬಿಡುವುದು ಇಲ್ಲಿನ ರಹಸ್ಯ. ಪಟ್ಟಿ ತೆಗೆದ ಮೇಲೆ ಹಿಂಬದಿ ಪೂರ್ತಿಯಾಗಿ ಒರಗುತ್ತದೆ. ಮಿಕ್ಕ ಕಡೆಗಳಲ್ಲಿ ಕೂದಲೆಳೆಯಷ್ಟು ಎಡೆ ಉಳಿಯುತ್ತದೆ. ತಳ ತಾಗಿದರೆ ಆಕ್ಷನ್ನು ತನ್ನ ಪೀಠದಲ್ಲಿ ಕೂರದು. ಪಕ್ಕ ಬಿಗಿದರೆ ಬಿಚ್ಚಿ ಜೋಡಿಸುವಾಗ ಅಚ್ಚು ಸವೆಯುವುದು.

ಭಾರತದಲ್ಲಿ ತಯಾರಾದ ಕೋವಿಗಳಲ್ಲಿಯೂ ಈ ತತ್ತ್ವದ ಸಾಕ್ಷ್ಯ ದೊರೆಯುತ್ತದೆ. ಬಂಗಾಲದ ಈಶಾಪುರದ ಕಾರ್ಖಾನೆಯಲ್ಲಿ ತಯಾರಾದ ಲೀ-ಎನ್‌ಫೀಲ್ಡ್ ಜಾತಿಯ ಕೋವಿಗಳಲ್ಲಿ ಇಂತಹ ಪ್ರತ್ಯೇಕ ಅಂಗವಿಲ್ಲ. ಆಕ್ಷನ್ನಿನ ಹಿಂಬದಿಯ ಮುಖಗಳು ಮುಂದಿನ ಮರಕ್ಕೆ ನೇರವಾಗಿ ಒರಗುತ್ತವೆ. ಅಲ್ಲಿ ಮರ ಕುಗ್ಗಿದರೆ ಗುರಿ ತಪ್ಪುವುದು, ಮರ ಬಿರಿಯುವುದೂ ಉಂಟು. ಈಶಾಪುರದ ಅನೇಕ ಕೋವಿಗಳಲ್ಲಿ ಮರಕ್ಕೆ ಅಡ್ಡಲಾಗಿ ಹಾಕಿದ ತಿರುಪು ಕಾಣುವುದು ಮರ ಸೀಳದಿರಲೆಂದೇ. ಆಸ್ಟ್ರೇಲಿಯದವರು ತಮ್ಮ ಮೆದುಮರಕ್ಕೆ ಅದೇ ಸ್ಥಾನದಲ್ಲಿ ತಾಮ್ರದ ತಗಡುಗಳನ್ನು ಇಟ್ಟರು. ಇಂತಹ ಕೆಲಸವನ್ನು ನಮ್ಮ ದೇಶದಲ್ಲಿ ೧೯೫೯ರ ಆಯುಧ ಶಾಸನದ ಮೇರೆಗೆ ಪರವಾನೆ ಪಡೆದವರು ಮಾತ್ರ ಮಾಡತಕ್ಕದ್ದೆಂಬುದನ್ನು ಇಲ್ಲಿಯೇ ಹೇಳಬೇಕು.

ಈಗ ಹೆಸರಿನ ನಿರ್ಣಯ. ಬಂಡಿಯ ಅಚ್ಚಿನ ತುದಿಯ ಕಡೆಗೀಲು ಗಾಲಿ ಕಳಚದಂತೆ ಹಿಡಿಯುತ್ತದೆ. ಸಂಸ್ಕೃತದಲ್ಲಿ ಅದು ಆಣಿ. ಬಂಡಿಯ ಭಾರವನ್ನು ಆನುವುದು ಅಚ್ಚು, ಕೀಲಲ್ಲ. ಹೀಗಿರಲು ನಮ್ಮ ಅಂಗಕ್ಕೆ ‘ಕೀಲು’ ಎಂದರೆ ಅದರ ವ್ಯಾಪಾರವೇ ಮರೆಯಾಗುವುದು. ‘ಪ್ರತ್ಯಾಘಾತಸ್ತಂಭಕ’ ಎಂದರೆ ವ್ಯಾಕರಣ ಒಪ್ಪೀತು, ಕಮ್ಮಾರನ ಬಾಯಿ ಒಪ್ಪದು. ಹಳಗನ್ನಡದ ‘ಆನ್’ ಧಾತುವಿಗೆ ಒರಗು, ಹೊರು, ಎದುರಿಸಿ ನಿಲ್ಲು ಎಂಬ ಮೂರು ಅರ್ಥಗಳೂ ಉಂಟು. ಈ ಅಂಗ ಮಾಡುವುದೂ ಆ ಮೂರನ್ನೇ. ಒದೆ, ಆನಿಕೆ ಎರಡೂ ಅಚ್ಚಗನ್ನಡ. ಯಕಾರಾಗಮದಿಂದ ‘ಒದೆಯಾನಿಕೆ’ ಎಂದಾಗುತ್ತದೆ. ಅದನ್ನು ನೆಲೆಗೊಳಿಸುವ ಕಡ್ಡಿಗೆ ‘ಕೀಲು’ ಎಂಬುದೇ ಇರಲಿ. ಹೀಗೆ ಹಿಡಿಯುವುದಕ್ಕೊಂದು, ಆನುವುದಕ್ಕೊಂದು ಹೆಸರಾದರೆ, ಪಾಠ ಹೇಳುವವನಿಗೂ ಕೆಲಸ ಮಾಡುವವನಿಗೂ ಭ್ರಾಂತಿಗೆ ಎಡೆಯಿಲ್ಲ. ವಿದ್ವಾಂಸರು ಇದನ್ನು ಪರಿಶೀಲಿಸಿ, ಇದಕ್ಕಿಂತ ಯುಕ್ತವಾದ ಶಬ್ದವಿದ್ದರೆ ಸೂಚಿಸಬೇಕೆಂದು ಪ್ರಾರ್ಥನೆ.