ಬೇಲಿಯ ಸೊಪ್ಪು, ಆಡಿನ ಹಾಲು

ದೂಧಗಂಗಾ ವೇದಗಂಗಾ ನದಿಗಳ ಸಂಗಮದ ನೆರೆಯಲ್ಲಿ, ಕರಿಮಣ್ಣಿನ ಫಲವತ್ತಾದ ಭೂಮಿಯ ಮೇಲೆ ನೆಲಸಿರುವ ನಿಪ್ಪಾಣಿ ಸೀಮೆಯ ಭೋಜ ಗ್ರಾಮದಲ್ಲಿ ಕೊರತೆಯಿರುವುದು ನೀರಿಗಲ್ಲ. ಕಬ್ಬು ಹೊಗೆಸೊಪ್ಪುಗಳು ಬದುವಿನ ಅಂಚಿನವರೆಗೂ ಬೆಳೆಯುವ ಇಂತಹ ನಾಡಿನಲ್ಲಿ ಆಡಿಗೆ ಬಾಯಿಡಲು ಎಡೆಯೆಲ್ಲಿ ಎಂಬುದೇ ಹೈನಕ್ಕಾಗಿ ಅದನ್ನು ಸಾಕುವ ಗೃಹಸ್ಥನು ಮೊದಲು ಬಿಡಿಸಬೇಕಾದ ಪ್ರಶ್ನೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಯನ್ನು ನಂಬಿ, ಏನನ್ನು ಹಾಕಿದರೂ ತಿಂದು ಹಾಲುಕೊಡುವ ಪ್ರಾಣಿಯಿದೆಂದು ಬಗೆಯುವುದು ದೊಡ್ಡ ಪ್ರಮಾದ. ಎಲ್ಲವನ್ನೂ ಮುಟ್ಟುವುದು ನಿಜವಾದರೂ ಆರಿಸಿ ತಿನ್ನುವುದು ಅದರ ಸ್ವಭಾವ. ಆಡುಮುಟ್ಟದ ಬಳ್ಳಿಯೆಂದೇ ಹೆಸರುಪಡೆದ ಸಸ್ಯವೂ ನಮ್ಮಲ್ಲಿ ಉಂಟಷ್ಟೆ.

ಕುರಿಯು ತಲೆಬಾಗಿಸಿ ಹುಲ್ಲು ಮೇಯುವುದು, ಆಡು ಕತ್ತೆತ್ತಿ ಚಿಗುರು ಸವರುವುದು. ಈ ಅಲ್ಪಭೇದದಲ್ಲಿ ಮಹತ್ತಾದ ಆರೋಗ್ಯರಹಸ್ಯವೊಂದು ಅಡಗಿದೆ. ಹೊಟ್ಟೆಯಲ್ಲಿ ನೆಲಸಿ ರಕ್ತಹೀರುವ ಜಂತುಗಳ ಮರಿಹುಳುಗಳು ಹಿಕ್ಕೆಯಿಂದ ಹೊರಬಂದು, ಮಂಜಿನ ತೇವದಲ್ಲಿ ಹುಲ್ಲಿನ ಎಸಳನ್ನು ಕೆಲವೇ ಅಂಗುಲಗಳಷ್ಟು ಏರಬಲ್ಲವು. ಪೊದೆಯ ಮೇಲಿನ ಸೊಪ್ಪಿಗೆ ಅವು ತಲಪಲಾರವು. ಯುಗಯುಗಗಳಿಂದ ಎತ್ತರದ ಸೊಪ್ಪನ್ನೇ ತಿಂದು ಬಂದ ಆಡಿಗೆ ಈ ಶತ್ರುವನ್ನು ಎದುರಿಸುವ ಶಕ್ತಿ ಕುರಿಗಿರುವಷ್ಟು ಇಲ್ಲ. ಪೊದೆಗಾಡು ಅಳಿದು, ಕಾಲುವೆಯ ಬದುವಿನ ಒದ್ದೆ ಹುಲ್ಲಿಗೆ ಅದನ್ನು ಕಟ್ಟಿದಾಗ ಕಣ್ಣೆವೆಯ ಒಳಬದಿ ಬಿಳಚಿ, ಹಾಲು ಇಳಿಯುವುದು. ಒಂದೇ ಔಷಧವನ್ನು ಹಿಂಡಿಗೆಲ್ಲ ಪದೇಪದೇ ಕುಡಿಸಿದರೆ ಜಂತುಗಳು ಅದಕ್ಕೆ ಬಗ್ಗದಂತಾಗುವುವಾದುದರಿಂದ, ಎವೆಯನ್ನು ಬಿಡಿಸಿನೋಡಿ ಬೇಕಾದವುಗಳಿಗೆ ಮಾತ್ರ ಕೊಡುವುದು ಲೇಸು. ಸೊಪ್ಪಿನ ಹೊರೆಯನ್ನು ಎದೆಯೆತ್ತರಕ್ಕೆ ತೂಗಹಾಕುವುದು ಅದಕ್ಕಿಂತಲೂ ಲೇಸು.

ಆ ಸೊಪ್ಪನ್ನು ಬೇಲಿಯೇ ಕೊಡಬಲ್ಲುದು. ಮೂವತ್ತು ಕಿಲೋ ತೂಕದ ಆಡಿಗೆ ದಿನಕ್ಕೆ 4ರಿಂದ 5 ಕಿಲೋ ಹಸಿಮೇವು ಸಾಕು. ಬದುವಿನುದ್ದಕ್ಕೂ ಚೊಗಚೆ, ನುಗ್ಗೆ, ಸುಬಾಬುಲ್ ಗಿಡಗಳನ್ನು ಒತ್ತಾಗಿ ನೆಟ್ಟು ಸರದಿಯಂತೆ ಸವರುತ್ತಿದ್ದರೆ ಬೆಳೆಯ ಭೂಮಿ ಕುಗ್ಗದೆ ಎರಡು ಮೂರು ಆಡುಗಳಿಗೆ ಆಹಾರ ಒದಗುವುದು. ಸುಬಾಬುಲ್ಲಿನಲ್ಲಿ ಮಿಮೋಸಿನ್ ಎಂಬ ವಿಷಾಂಶವಿರುವುದರಿಂದ ಅದು ಮೇವಿನ ಮೂರನೆಯ ಒಂದು ಪಾಲನ್ನು ಮೀರಬಾರದು. ಕಟಾವಿನ ಕಾಲದಲ್ಲಿ ರಾಶಿರಾಶಿಯಾಗಿ ದೊರೆಯುವ ಕಬ್ಬಿನ ಸೋಗೆಯ ಆಸೆ ಸಹಜವೇ. ಆದರೆ ಅದರಲ್ಲಿನ ಆಕ್ಸಲೇಟು ಸುಣ್ಣದ ಸತ್ತ್ವವನ್ನು ಹಿಡಿದಿಟ್ಟುಕೊಳ್ಳುವುದರಿಂದ, ಹಾಲಿನ ಮೂಲಕ ಆ ಸತ್ತ್ವವನ್ನು ದಿನವೂ ಕಳೆದುಕೊಳ್ಳುವ ತಾಯಾಡಿಗೆ ಸೋಗೆಯೊಂದನ್ನೇ ಹಾಕುವುದು ಸಲ್ಲದು. ಮಳೆಗಾಲದಲ್ಲಿ ನದಿಗಳು ಉಕ್ಕಿ ಸೇತುವೆಗಳು ಮುಳುಗುವ ಈ ಊರಿನಲ್ಲಿ ಹಲಗೆಯ ಅಟ್ಟಣೆಯ ಕೊಟ್ಟಿಗೆ ಗೊರಸನ್ನು ಕೊಳೆಯದಂತೆ ಕಾಯುವುದಲ್ಲದೆ, ಸಂದಿಗಳಿಂದ ಕೆಳಗೆ ಬಿದ್ದ ಹಿಕ್ಕೆಯನ್ನು ಬೇಲಿಯ ಬುಡಕ್ಕೆ ಗೊಬ್ಬರವಾಗಿ ಒದಗಿಸುವುದು.

ತಳಿಗಾಗಿ ದೂರದ ವಿಲಾಯಿತಿ ಸಾನೆನ್ ಆಡನ್ನು ಅರಸಬೇಕಾದುದಿಲ್ಲ. ಸಂಗಮನೇರಿಯೂ ಕಪ್ಪು ಮೈಯ ಉಸ್ಮಾನಾಬಾದಿಯೂ ದಖ್ಖನದ ಬಿಸಿಲಿಗೆ ಒಗ್ಗಿದವು. ಹಾಲು ಅಲ್ಪವಾದರೂ ಮನೆಯ ಮಕ್ಕಳಿಗೆ ಸಾಕಾಗುವಷ್ಟು.

ಇನ್ನೊಂದು ಮಾತನ್ನು ಆಡುವುದು ಕಷ್ಟವಾದರೂ ಆಡದಿರಲಾಗದು. 1872ರಲ್ಲಿ ಜನಿಸಿದ ದಿಗಂಬರ ಜೈನ ಮುನಿ ಆಚಾರ್ಯ ಶಾಂತಿಸಾಗರರು ಗೃಹಸ್ಥಾಶ್ರಮವನ್ನು ಕಳೆದ ಊರು ಭೋಜ. ಹಾಲು ಬೇಕಾದರೆ ಆಡು ಈಯಬೇಕು, ಈದ ಮರಿಗಳಲ್ಲಿ ಸುಮಾರು ಅರ್ಧದಷ್ಟು ಹೋತಮರಿಗಳೇ ಆಗಿ ಕಟುಕನ ದಾರಿ ಹಿಡಿಯುವುವೆಂಬ ವಾಸ್ತವವು ಅಹಿಂಸೆಯನ್ನು ಪರಮಧರ್ಮವೆಂದು ಬಗೆದ ಮನೆಗಳನ್ನು ಇಲ್ಲಿ ವಿಶೇಷವಾಗಿ ಕಾಡುವುದು. ಇದಕ್ಕೆ ಪೂರ್ಣ ಪರಿಹಾರವನ್ನು ನಾನು ಕಂಡಿಲ್ಲ. ಆದರೆ 150 ದಿನಗಳ ಗರ್ಭಾವಧಿ ಮುಗಿದೊಡನೆ ಮತ್ತೆ ಗಬ್ಬ ಕಟ್ಟಿಸುವ ಆತುರವನ್ನು ಬಿಟ್ಟು, ದೀರ್ಘಕಾಲ ಕರೆಯುವ ತಾಯಿಯ ಸಂತತಿಯನ್ನೇ ತಲೆಮಾರುಗಳಲ್ಲಿ ಆಯ್ದುಕೊಂಡು ಬಂದರೆ, ಅಷ್ಟೇ ಹಾಲಿಗೆ ಹುಟ್ಟಬೇಕಾದ ಮರಿಗಳ ಸಂಖ್ಯೆ ಕುಗ್ಗುವುದು, ಬೇಲಿಯ ಮೇಲಿನ ಭಾರವೂ ಇಳಿಯುವುದು.